ಗ್ಲಾಕೋಮಾ: ಮಾಯಬಾರದ ಗಾಯದ ಶಸ್ತ್ರಚಿಕಿತ್ಸೆ

ಕಣ್ಣಿನ ಪೊರೆ ತೆಗೆಸಿಕೊಂಡವರು ಪಟ್ಟಿ ಬಿಚ್ಚಿದೊಡನೆ ಲೋಕ ನಿಚ್ಚಳವಾದುದನ್ನು ಕಾಣುತ್ತಾರೆ. ಗ್ಲಾಕೋಮಾ ರೋಗಿಗೆ ಆ ಭಾಗ್ಯವಿಲ್ಲ. ಇಲ್ಲಿ ನಾಶವಾಗುವುದು ದೃಷ್ಟಿನರದ ತಂತುಗಳು. ಸತ್ತ ತಂತು ಮತ್ತೆ ಚಿಗುರದು. ಉಳಿದ ನೋಟವನ್ನು ಕಾಪಾಡುವುದಷ್ಟೇ ಶಸ್ತ್ರಚಿಕಿತ್ಸೆಯ ಗುರಿ. ವೈದ್ಯರು ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ಯಶಸ್ವಿಯಾದ ಚಿಕಿತ್ಸೆಯೂ ರೋಗಿಯ ಮನೆಯವರಿಗೆ ವಿಫಲವೆಂದೇ ತೋರುತ್ತದೆ.

ಕಣ್ಣಿನೊಳಗೆ ಸದಾ ಸ್ರವಿಸುವ ತಿಳಿದ್ರವವು ಕರಿಗುಡ್ಡೆಯ ಅಂಚಿನ ಸೂಕ್ಷ್ಮ ಜಾಲರಿಯ ಮೂಲಕ ಹೊರಹೋಗಬೇಕು. ಆ ದಾರಿ ಕಟ್ಟಿಕೊಂಡರೆ ಒತ್ತಡ ಏರಿ ನರ ನಲುಗುತ್ತದೆ. (ಒತ್ತಡ ಸಹಜ ಮಟ್ಟದಲ್ಲಿದ್ದೂ ನರ ಹಾಳಾಗುವುದುಂಟು.) ಹನಿ ಔಷಧ, ಲೇಸರ್‌ಗಳಿಗೆ ರೋಗ ಬಗ್ಗದಿದ್ದಾಗ ಹೊಸ ದಾರಿ ಕೊರೆಯಬೇಕಾಗುತ್ತದೆ.

1909ರಲ್ಲಿ ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ ಮಾಡಿದ್ದೂ ಅದನ್ನೇ: ಕಣ್ಣಿನ ಗೋಡೆಗೆ ಪುಟ್ಟ ದುಂಡು ರಂಧ್ರ. ಆದರೆ ತಡೆಯಿಲ್ಲದ ರಂಧ್ರದಿಂದ ದ್ರವ ಅತಿಯಾಗಿ ಸೋರುವ, ಸೋಂಕು ತಗಲುವ ಭಯವಿತ್ತು. 1968ರಲ್ಲಿ ಇಂಗ್ಲೆಂಡಿನ ಜಾನ್ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿಯಲ್ಲಿ ರಂಧ್ರದ ಮೇಲೆ ಕಣ್ಣಿನದೇ ಪದರವೊಂದು ಮುಚ್ಚಳದಂತೆ ಕೂರುತ್ತದೆ. ದ್ರವ ಮೆಲ್ಲನೆ ಜಿನುಗುತ್ತದೆ.

ವಿಚಿತ್ರವೆಂದರೆ, ಇಲ್ಲಿ ಶಸ್ತ್ರವೈದ್ಯನ ಶತ್ರು ದೇಹದ ಸಹಜ ಗುಣವೇ. ಬೇರೆಲ್ಲ ಕಡೆ ಗಾಯ ಬೇಗ ಮಾಯಲಿ ಎಂದು ಹಾರೈಸುತ್ತೇವೆ. ಇಲ್ಲಿ ಅದು ಪೂರ್ತಿ ಮಾಯ್ದರೆ ಕೊರೆದ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೆಲವೇ ನಿಮಿಷ ಆ ಜಾಗಕ್ಕೆ ಸೋಕಿಸುವ ಕ್ರಮ ಬಂದಿತು. ಅದು ಹೆಚ್ಚಾದರೆ ಪದರ ತೆಳುವಾಗಿ, ವರ್ಷಗಳ ಬಳಿಕವೂ ಸೋಂಕಾಗಬಹುದು. ಹೀಗೆ ಶಸ್ತ್ರಚಿಕಿತ್ಸೆಯಾದ ಕಣ್ಣು ಎಂದಾದರೂ ಕೆಂಪಾಗಿ ನೋಯತೊಡಗಿದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಕಲೆಗಟ್ಟಿದ ಕಣ್ಣಿಗೆ ಸಿಲಿಕೋನ್ ನಳಿಕೆಯ ಸಾಧನಗಳಿವೆ. ಮಧುರೆಯ ಆರೋಲ್ಯಾಬ್ ಇಂಥದೊಂದನ್ನು ಅಗ್ಗದ ದರದಲ್ಲಿ ತಯಾರಿಸಿದ್ದು ಬಡ ರೋಗಿಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. 2012ರಲ್ಲಿ ಅಮೆರಿಕದಲ್ಲಿ ಮಂಜೂರಾದ ಐಸ್ಟೆಂಟ್ ಸುಮಾರು ಒಂದು ಮಿಲಿಮೀಟರ್ ಉದ್ದದ ಟೈಟಾನಿಯಂ ಕೊಳವೆ. ಪೊರೆ ತೆಗೆಯುವಾಗಲೇ ಜಾಲರಿಯಲ್ಲಿ ಕೂರಿಸುತ್ತಾರೆ. ಅಪಾಯ ಕಡಿಮೆ, ಒತ್ತಡದ ಇಳಿಕೆಯೂ ಸಾಧಾರಣ. ಮುಂದುವರಿದ ರೋಗಕ್ಕೆ ಇಂದಿಗೂ ಹೆಚ್ಚಾಗಿ ಟ್ರಾಬೆಕ್ಯುಲೆಕ್ಟಮಿಯೇ ಆಸರೆ.

ಅದರ ಅರ್ಧ ಕೆಲಸ ನಡೆಯುವುದು ಶಸ್ತ್ರಚಿಕಿತ್ಸೆ ಮುಗಿದ ನಂತರ. ಮೊದಲ ವಾರಗಳಲ್ಲಿ ಒತ್ತಡ ನೋಡಿಕೊಂಡು ಮುಚ್ಚಳದ ಹೊಲಿಗೆಗಳನ್ನು ಒಂದೊಂದಾಗಿ ಸಡಿಲಿಸಬೇಕಾಗುತ್ತದೆ. ಊರು ದೂರವೆಂದು ಆ ಭೇಟಿಗಳನ್ನು ತಪ್ಪಿಸಿದವರ ಕಣ್ಣಿನಲ್ಲಿ, ಎಷ್ಟೇ ನುರಿತ ಕೈ ಕೊರೆದ ದಾರಿಯೂ ಸದ್ದಿಲ್ಲದೆ ಮುಚ್ಚಿಹೋಗಬಹುದು.