ಜೋಳ, ಬೀನ್ಸ್, ಕುಂಬಳ ಒಟ್ಟಿಗೆ ನೆಟ್ಟರೆ ಗೊಬ್ಬರವೇ ಬೇಡವೇ? ಅಕ್ಕಡಿ ಸಾಲು ಏನು ಹೇಳುತ್ತದೆ?

“ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಗುಣಿಯಲ್ಲಿ ನೆಡಿ. ಗೊಬ್ಬರ ಬೇಡ, ಔಷಧಿ ಬೇಡ, ಮೂರು ಪಟ್ಟು ಬೆಳೆ ಗ್ಯಾರಂಟಿ.” ಹೀಗೆ ಹೇಳುವ ವಿಡಿಯೋ ಅಥವಾ ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಹಿತ್ತಲಲ್ಲಿ ನಾಲ್ಕು ಗಿಡ ಬೆಳೆಯುವವರಿಗೆ ಇದು ಆಸೆ ಹುಟ್ಟಿಸುವ ಮಾತು. ಆದರೆ ಇದನ್ನು ನಂಬಿ ಗೊಬ್ಬರ ಹಾಕುವುದನ್ನೇ ನಿಲ್ಲಿಸಿದರೆ ಒಂದು ಮುಂಗಾರು ಪೂರ್ತಿ ವ್ಯರ್ಥವಾಗಬಹುದು.

ಚುಟುಕಾಗಿ ಹೇಳುವುದಾದರೆ, ಸಂದೇಶ ಅರ್ಧ ನಿಜ. ಬೆಳೆಗಳನ್ನು ಜೊತೆಯಾಗಿ ಬೆಳೆಯುವುದರಿಂದ ಲಾಭ ಇದೆ. ಆ ಲಾಭ ಬರುವ ದಾರಿ ಮಾತ್ರ ಸಂದೇಶ ಹೇಳಿದ್ದಲ್ಲ. ಒಂದೊಂದಾಗಿ ನೋಡೋಣ ಬನ್ನಿ.

ಈ ಮೂರರ ಜೊತೆ ಎಲ್ಲಿಯದು?

ಮೂರೂ ಅಮೆರಿಕ ಖಂಡದ ಬೆಳೆಗಳು. ಮುಸುಕಿನ ಜೋಳವನ್ನು ಸುಮಾರು 9,000 ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಜನ ಕಾಡುಹುಲ್ಲಿನಿಂದ ಬೆಳೆಯಾಗಿ ರೂಢಿಸಿಕೊಂಡರು. ಉತ್ತರ ಅಮೆರಿಕದ ಇರೋಕ್ವಾ ಮೂಲನಿವಾಸಿಗಳು ಜೋಳ, ಬೀನ್ಸ್, ಕುಂಬಳವನ್ನು ‘ಮೂವರು ಅಕ್ಕತಂಗಿಯರು’ ಎಂದು ಕರೆದರು. ಜೋಳದ ದಂಟು ಬಳ್ಳಿಗೆ ಊರುಗೋಲು. ಬೀನ್ಸ್ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಕುಂಬಳದ ಅಗಲ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ, ತೇವ ಉಳಿಸುತ್ತದೆ. ಇಲ್ಲಿಯವರೆಗೆ ಸಂದೇಶದಲ್ಲಿ ಸುಳ್ಳಿಲ್ಲ.

ನಮ್ಮಲ್ಲಿ ಇದರ ಹೆಸರು ಅಕ್ಕಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಓದುಗರಿಗೆ ಇದು ಹೊಸದೇನಲ್ಲ. ಇಲ್ಲಿನ ಮಳೆಯಾಶ್ರಿತ ಕೆಂಪು ನೆಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳು ಬಿತ್ತುವ ರೂಢಿ ಹಳೆಯದು. ಅದೇ ಅಕ್ಕಡಿ ಸಾಲು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಯಾವ ಸಾಲಿನಲ್ಲಿ ಏನು ಹಾಕುತ್ತಿದ್ದರು ಎಂದು ಹೇಳಿಯಾರು.

ಗಮನಿಸಬೇಕಾದ ವಿಷಯ ಒಂದಿದೆ. ಅಕ್ಕಡಿಯಲ್ಲಿ ಎಲ್ಲವನ್ನೂ ಒಂದೇ ಗುಣಿಗೆ ತುರುಕುವುದಿಲ್ಲ. ರಾಗಿಗೆ ಅದರ ಸಾಲು, ಅಕ್ಕಡಿಗೆ ಅದರ ಸಾಲು. ಕೃಷಿ ವಿಜ್ಞಾನಿಗಳ ಶಿಫಾರಸೂ ಹೀಗೇ ಇದೆ: ರಾಗಿಯ 8 ಸಾಲಿಗೆ ತೊಗರಿಯಾದರೆ 2 ಸಾಲು, ಅವರೆಯಾದರೆ 1 ಸಾಲು. ಈ ಅಂತರದಲ್ಲೇ ಗುಟ್ಟು ಇರುವುದು.

ಮಾತು 1: “ಬೀನ್ಸ್ ಇದ್ದರೆ ಗೊಬ್ಬರ ಬೇಡ”

ಇದು ತಪ್ಪು. ಹೆಚ್ಚು ನಷ್ಟ ಮಾಡುವ ಮಾತೂ ಇದೇ.

ದ್ವಿದಳ ಧಾನ್ಯದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತದೆ, ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಆದರೆ ಹೀಗೆ ಸಿಕ್ಕಿದ ಸಾರಜನಕದ ಬಹುಪಾಲನ್ನು ಆ ಗಿಡ ತನ್ನ ಎಲೆ, ಕಾಳಿಗೇ ಬಳಸಿಕೊಳ್ಳುತ್ತದೆ. ಅದೇ ಹಂಗಾಮಿನಲ್ಲಿ ಪಕ್ಕದ ಜೋಳಕ್ಕೆ ಸಿಗುವುದು ಸ್ವಲ್ಪವೇ. ಮಣ್ಣಿಗೆ ಲಾಭ ಆಗುವುದು ಆಮೇಲೆ, ಬೇರು, ಎಲೆ, ದಂಟು ಅಲ್ಲೇ ಕೊಳೆತಾಗ. ಕಾಯಿ ಬಿಡಿಸಿ, ಗಿಡವನ್ನು ಬೇರುಸಹಿತ ಕಿತ್ತು ಹೊರಗೆ ಎಸೆದರೆ ಆ ಲಾಭವೂ ಹೋಯಿತು.

ಇನ್ನೊಂದು ವಿಷಯ. ಬೀನ್ಸ್ ಅಂದರೆ ನಮ್ಮ ಹುರುಳಿಕಾಯಿ, ದ್ವಿದಳ ಬೆಳೆಗಳ ಪೈಕಿ ಸಾರಜನಕ ಹಿಡಿಯುವುದರಲ್ಲಿ ಹಿಂದೆ. ಅಲಸಂದೆ, ಅವರೆ ಅದಕ್ಕಿಂತ ಮುಂದೆ. ಪೊಟ್ಯಾಷ್, ರಂಜಕವನ್ನಂತೂ ಯಾವ ಬೀನ್ಸೂ ಗಾಳಿಯಿಂದ ತರಲಾರದು. ಜೋಳ, ಕುಂಬಳ ಎರಡೂ ಹೊಟ್ಟೆಬಾಕ ಬೆಳೆಗಳು. ಕುಂಬಳದ ಬಳ್ಳಿ ತಿಪ್ಪೆಯ ಪಕ್ಕ ಹುಲುಸಾಗಿ ಹಬ್ಬುವುದನ್ನು ಊರಿನಲ್ಲಿ ನೋಡಿಲ್ಲದವರು ಯಾರು? ಕೊಟ್ಟಿಗೆ ಗೊಬ್ಬರ ಕೊಡಲೇಬೇಕು.

ಬೇರುಗಂಟು ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮೆಲ್ಲಗೆ ಅಗೆದು ತೆಗೆದು, ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಯೂರಿಯಾ ಜಾಸ್ತಿ ಸುರಿದ ಮಣ್ಣಿನಲ್ಲಿ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಮಾತು 2: “ಮೂರು ಪಟ್ಟು ಬೆಳೆ”

ಇದೂ ತಪ್ಪು. ಆದರೆ ಇದರ ಹಿಂದೆ ಒಂದು ಸತ್ಯ ಇದೆ.

ಒಂದು ಲೆಕ್ಕ ನೋಡಿ, ಅರ್ಥವಾಗಲಿ ಎಂದು ಮಾಡಿಕೊಂಡ ಉದಾಹರಣೆ ಇದು. ಒಂದು ಪಾತಿಯಲ್ಲಿ ಬರೀ ಜೋಳ ಬೆಳೆದರೆ 10 ಕೆ.ಜಿ., ಅಷ್ಟೇ ದೊಡ್ಡ ಇನ್ನೊಂದು ಪಾತಿಯಲ್ಲಿ ಬರೀ ಅಲಸಂದೆ ಬೆಳೆದರೆ 5 ಕೆ.ಜಿ. ಸಿಗುತ್ತದೆ ಎನ್ನೋಣ. ಎರಡನ್ನೂ ಒಂದೇ ಪಾತಿಯಲ್ಲಿ ಬೆಳೆದಾಗ 8 ಕೆ.ಜಿ. ಜೋಳ, 2 ಕೆ.ಜಿ. ಅಲಸಂದೆ ಬಂತು. ಜೋಳ ಹತ್ತರಲ್ಲಿ ಎಂಟು ಪಾಲು, ಅಲಸಂದೆ ಹತ್ತರಲ್ಲಿ ನಾಲ್ಕು ಪಾಲು. ಕೂಡಿಸಿದರೆ 1.2. ಅಂದರೆ ಬೇರೆ ಬೇರೆಯಾಗಿ ಬೆಳೆಯಲು 1.2 ಪಾತಿ ಬೇಕಾಗುತ್ತಿದ್ದುದು ಒಂದೇ ಪಾತಿಯಲ್ಲಿ ಆಯಿತು. ವಿಜ್ಞಾನಿಗಳು ಮಿಶ್ರ ಬೆಳೆಯನ್ನು ಅಳೆಯುವುದು ಹೀಗೆ. ಉತ್ತರ 1ಕ್ಕಿಂತ ಹೆಚ್ಚಿದ್ದರೆ ಜೊತೆ ಗೆದ್ದಿತು.

ಈ ಲೆಕ್ಕದಲ್ಲಿ ಜೋಳ 10ರಿಂದ 8ಕ್ಕೆ ಇಳಿದಿದೆ, ಗಮನಿಸಿದಿರಾ? ಒಟ್ಟು ಲಾಭ ಹೆಚ್ಚಿದರೂ ಒಂದೊಂದು ಬೆಳೆ ಸ್ವಲ್ಪ ಬಿಟ್ಟುಕೊಡುತ್ತದೆ. ಸಂದೇಶ ಮುಚ್ಚಿಟ್ಟದ್ದು ಇದನ್ನೇ.

ಅಕ್ಕಡಿ ಗೆಲ್ಲುವುದು ಹೇಗೆ? ರಾಗಿ ಸುಮಾರು ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಅದರ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿ ಮೊದಲಿಗೆ ನಿಧಾನ, ಬೇರು ಆಳ. ರಾಗಿ ಕೊಯ್ದ ಮೇಲೆ ಅದಕ್ಕೆ ಬಿಸಿಲು, ಜಾಗ ಎರಡೂ ಸಿಗುತ್ತವೆ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಟ್ಟು ಚಳಿಗಾಲದಲ್ಲಿ ಕಾಯಿ ಕೊಡುತ್ತದೆ. ಒಬ್ಬರಿಗೆ ಬೇಕಾದಾಗ ಇನ್ನೊಬ್ಬರಿಗೆ ಬೇಡ, ಅದಕ್ಕೇ ಜಗಳ ಕಡಿಮೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಮೇಲೆ ಬಂದ ಮಳೆಗೆ ತೊಗರಿಯೋ ಅವರೆಯೋ ಕೈಹಿಡಿದೀತು. ಊಟಕ್ಕೂ ಲೆಕ್ಕ ಸರಿ: ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನ್ ಅಂಶ ಅವರೆಕಾಳಿನಲ್ಲಿ ಧಾರಾಳ. ಮುದ್ದೆ, ಅವರೆಕಾಳು ಸಾರಿನ ಜೋಡಿ ಸುಮ್ಮನೆ ಆದದ್ದಲ್ಲ.

ಮಾತು 3: “ಹುಳ ಬರುವುದೇ ಇಲ್ಲ”

ಇದು ಸ್ವಲ್ಪ ನಿಜ. ಬೆಳೆ ಬೆರೆತಿದ್ದರೆ ಕೆಲವು ಕೀಟಗಳಿಗೆ ತಮ್ಮ ಗಿಡ ಹುಡುಕುವುದು ಕಷ್ಟ, ಅವನ್ನು ತಿನ್ನುವ ಜೇಡ, ಗುಲಗಂಜಿ ಹುಳುಗಳಿಗೆ ನೆಲೆ ಸಿಗುತ್ತದೆ. ಆದರೆ ಅದು ಬೇಲಿ, ಕೋಟೆಯಲ್ಲ. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಕರ್ನಾಟಕದಲ್ಲೇ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಈಗಲೂ ಜೋಳದ ಸುಳಿಗೆ ಬೀಳುತ್ತದೆ. ಕುಂಬಳಕ್ಕೆ ಹಣ್ಣುನೊಣದ ಕಾಟ ತಪ್ಪಿದ್ದಲ್ಲ. ವಾರಕ್ಕೆರಡು ಸಲ ಸುಳಿ ಬಿಡಿಸಿ ನೋಡಿ, ಮರಿಹುಳ ಸಿಕ್ಕರೆ ಕೈಯಲ್ಲೇ ಆರಿಸಿ ಹಾಕಿ.

ರೇಷ್ಮೆ ಸೀಮೆಯವರಿಗೆ ಒಂದು ಎಚ್ಚರಿಕೆ. ಇಂಥ ಸಂದೇಶಗಳ ಬಾಲಕ್ಕೆ “ಹುಳ ಬಂದರೆ ಹೊಗೆಸೊಪ್ಪಿನ ಕಷಾಯ ಹೊಡೆಯಿರಿ, ನೈಸರ್ಗಿಕ” ಎಂಬ ಸಲಹೆಯೂ ಅಂಟಿಕೊಂಡು ಬರಬಹುದು. ಹೊಗೆಸೊಪ್ಪಿನ ನಿಕೋಟಿನ್ ರೇಷ್ಮೆಹುಳುವಿಗೆ ವಿಷ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಗಾಳಿಯಲ್ಲಿ ಹಾರಿದ ಹನಿಯೂ ಸೊಪ್ಪಿನ ಮೇಲೆ ಕುಳಿತು ನೆರೆಯವರ ಹುಳುಮನೆ ಹಾಳಾಗಬಹುದು. ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಅಲ್ಲ.

ಹಾಗಾದರೆ ಹಿತ್ತಲಲ್ಲಿ ಮಾಡುವುದು ಹೇಗೆ?

1. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಜಾಗ ಆರಿಸಿ. ಬಿತ್ತುವ ಮೊದಲೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ.

2. ಜೋಳವನ್ನು ಒಂದೇ ಉದ್ದ ಸಾಲಿನಲ್ಲಿ ಹಾಕಬೇಡಿ. ಅದರ ಪರಾಗ ಗಾಳಿಯಲ್ಲಿ ಬೀಳುವಂಥದ್ದು. ಗಿಡ ಕಡಿಮೆಯಾದರೆ ತೆನೆಯಲ್ಲಿ ಕಾಳು ಅಲ್ಲಲ್ಲಿ ಬೊಕ್ಕಾಗುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಗಿಡದಂತೆ ಚೌಕವಾಗಿ ಹಾಕಿ. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ.

3. ಜೋಳ ಮೊಣಕಾಲುದ್ದ ಆದ ಮೇಲೆ ಬಳ್ಳಿ ಅಲಸಂದೆ ಹಾಕಿ. ಒಂದೇ ದಿನ ಬಿತ್ತಿದರೆ ಬಳ್ಳಿ ಎಳೆಯ ಜೋಳವನ್ನೇ ಎಳೆದು ಮಲಗಿಸುತ್ತದೆ. ಚಪ್ಪರದವರೆಯಂತೂ ಬೇಡ, ಅದರ ಭಾರಕ್ಕೆ ಚಪ್ಪರವೇ ಬೇಕು.

4. ಕುಂಬಳ ಒಂದೋ ಎರಡೋ ಬಳ್ಳಿ ಸಾಕು, ಅದೂ ಪಾತಿಯ ಅಂಚಿನಲ್ಲಿ. ಬಳ್ಳಿಯನ್ನು ಹೊರಕ್ಕೆ ತಿರುಗಿಸಿ, ಒಳಗೆ ನಡೆಯಲು ದಾರಿ ಬಿಡಿ.

5. ಸ್ವೀಟ್ ಕಾರ್ನ್ ಹಾಕಿದ್ದರೆ ಎಳೆ ತೆನೆ ಕಿತ್ತ ಮೇಲೂ ದಂಟು ಕಡಿಯಬೇಡಿ. ಅಲಸಂದೆಗೆ ಇನ್ನೂ ಅದೇ ಆಸರೆ.

6. ಎಲ್ಲ ಮುಗಿದ ಮೇಲೆ ಅಲಸಂದೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ. ಸೊಪ್ಪನ್ನು ಅಲ್ಲೇ ಮುಚ್ಚಿಗೆ ಹಾಕಿ. ಮುಂದಿನ ಬೆಳೆಗೆ ಅದರ ಸಾರಜನಕ ಸಿಗುವುದು ಹೀಗೆ.

ತಾರಸಿಯ ಕುಂಡದಲ್ಲಿ ಮೂರನ್ನೂ ಒಟ್ಟಿಗೆ ಬೆಳೆಯುವ ಆಸೆ ಇದ್ದರೆ ಬಿಡಿ. ಅಷ್ಟು ಕಡಿಮೆ ಮಣ್ಣಿನಲ್ಲಿ ಮೂರು ಬೇರು ಕಿತ್ತಾಡುತ್ತವೆ. ಒಂದು ಕುಂಡಕ್ಕೆ ಒಂದು ಅಲಸಂದೆ, ಒಂದು ಕೋಲು, ಅಷ್ಟು ಸಾಕು. ಒಂದೆರಡು ಗುಂಟೆಯಲ್ಲಿ ಮಾಡುವವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಾಗಡಿ ತಾಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ.

ಫಾರ್ವರ್ಡ್ ಮಾಡುವ ಮುನ್ನ

ಜೊತೆ ಬೆಳೆ ಒಳ್ಳೆಯದು ಎಂಬ ಮಾತು ನಿಜ, ಧೈರ್ಯವಾಗಿ ಹಂಚಿ. “ಗೊಬ್ಬರ ಬೇಡ, ಔಷಧಿ ಬೇಡ, ಮೂರು ಪಟ್ಟು” ಎಂಬ ಸಾಲನ್ನು ಮಾತ್ರ ಅಳಿಸಿಬಿಡಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: “ಗೊಬ್ಬರ ಹಾಕಿ, ಅಂತರ ಬಿಡಿ, ಒಂದಾದ ಮೇಲೊಂದು ಬಿತ್ತಿ, ಬೇರು ಕೀಳಬೇಡಿ.” ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಒಮ್ಮೆ ಓದಿ ಹೇಳಿ. ನಾವು ಬಿಟ್ಟದ್ದನ್ನು ಅವರು ಸೇರಿಸಿಯಾರು.