ಎಲ್ಲರೂ ತಿದ್ದಬಹುದಾದ ಭೂಪಟ

ಮದರಾಸಿಗೂ ಮಂಗಳೂರಿಗೂ ನಡುವಣ ನೇರ ದೂರವೆಷ್ಟು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಿನ ಒಳ್ಳೆಯ ಭೂಪಟಗಳನ್ನು ಹಾಸಿ ಅಳೆದಿದ್ದರೆ ಸುಮಾರು 400 ಮೈಲಿ ಎಂಬ ಉತ್ತರ ಬರುತ್ತಿತ್ತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಉಕ್ಕಿನ ಸರಪಳಿಯಿಂದ ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ಬಳಿಕ ಸುಮಾರು ಅರ್ಧ ಟನ್ ಭಾರದ ಕೋನಮಾಪಕವನ್ನು ಹೊರಿಸಿಕೊಂಡು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ, ಮೈಸೂರು ಸೀಮೆಯನ್ನು ದಾಟಿ, ಕೆಲವು ವರ್ಷಗಳಲ್ಲಿ ಪಶ್ಚಿಮ ಕರಾವಳಿಯನ್ನು ಮುಟ್ಟಿದನು. ಲೆಕ್ಕ ಹಾಕಿದಾಗ ದೊರೆತ ದೂರ 360 ಮೈಲಿ. ಪರ್ಯಾಯದ್ವೀಪದ ಅಗಲವು ಕಾಗದದ ಮೇಲೆ ಒಮ್ಮೆಲೇ 40 ಮೈಲಿ ಕುಗ್ಗಿಹೋಯಿತು! ಈ ಕಾರ್ಯದಲ್ಲಿ ಲ್ಯಾಂಬ್ಟನ್ನನಿಗೆ ನೆರವಾದವರಲ್ಲಿ ಹೆನ್ರಿ ಕೇಟರ್ ಒಬ್ಬ. ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯಲು ಕಾಲೇಜಿನ ಪ್ರಯೋಗಶಾಲೆಗಳಲ್ಲಿ ತೂಗುಹಾಕುವ ಕೇಟರ್ ಲೋಲಕವು ಆತನದೇ.

ಲ್ಯಾಂಬ್ಟನ್ ಮಾಡಿದ ಇನ್ನೊಂದು ಕೆಲಸವನ್ನು ನಾವು ಅಷ್ಟೇ ಮುಖ್ಯವೆಂದು ಎಣಿಸುತ್ತೇವೆ. ಮದರಾಸಿನಿಂದ ಮಂಗಳೂರಿನವರೆಗಿನ ತನ್ನ ತ್ರಿಕೋನಗಳ ಅಳತೆಗಳನ್ನು ಆತನು ಪೆಟ್ಟಿಗೆಯೊಳಗೆ ಬಚ್ಚಿಡದೆ, ಕೋಷ್ಟಕಗಳ ರೂಪದಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ ಎಂಬ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದನು. ತ್ರಿಕೋನಮಿತಿ ಬಲ್ಲ ಯಾರೇ ಆಗಲಿ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದಾಗಿತ್ತು. ಭೂಪಟವನ್ನು ನಂಬುವುದು ಬೇರೆ, ಪರೀಕ್ಷಿಸುವುದು ಬೇರೆ. ಈ ಎರಡನೆಯದಕ್ಕೆ ಇಂದು ಸಾಮಾನ್ಯ ವಿದ್ಯಾರ್ಥಿಗೂ ಕೈಗೆಟುಕುವ ಸಾಧನವೊಂದಿದೆ. ಅದನ್ನು ಮುಕ್ತ ಭೌಗೋಳಿಕ ಮಾಹಿತಿ ತಂತ್ರಾಂಶವೆನ್ನುತ್ತಾರೆ.

ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಥವಾ ಎಲ್ಲರೂ ಕರೆಯುವಂತೆ ಜಿಐಎಸ್, ಎಂದರೇನು? ಒಂದು ಎಣ್ಣೆಕಾಗದದ ಮೇಲೆ ಮಂಗಳೂರಿನ ರಸ್ತೆಗಳನ್ನು ಮಾತ್ರ ಬರೆಯಿರಿ. ಇನ್ನೊಂದರ ಮೇಲೆ ನೇತ್ರಾವತಿ, ಗುರುಪುರ ನದಿಗಳನ್ನೂ ಅವುಗಳನ್ನು ಸೇರುವ ತೋಡುಗಳನ್ನೂ ಬರೆಯಿರಿ. ಮೂರನೆಯದರ ಮೇಲೆ ನೆಲದ ಎತ್ತರ, ನಾಲ್ಕನೆಯದರ ಮೇಲೆ ಶಾಲೆ ಆಸ್ಪತ್ರೆಗಳು. ಇವನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ನದಿಯ ಮಗ್ಗುಲಲ್ಲಿ ತಗ್ಗಿನಲ್ಲಿರುವ ಶಾಲೆ ಯಾವುದೆಂದು ಕಣ್ಣಿಗೇ ತೋರುತ್ತದೆ. ಗಣಕಯಂತ್ರವು ಮಾಡುವುದೂ ಇದನ್ನೇ. ಆದರೆ ಅದರ ಕಾಗದವು ಸಂಖ್ಯೆಗಳ ಕಾಗದ. ಪ್ರತಿಯೊಂದು ಬಿಂದುವಿಗೂ ಅಕ್ಷಾಂಶ ರೇಖಾಂಶಗಳುಂಟು, ಅದರ ಗುಣಗಳನ್ನು ಹೇಳುವ ಕೋಷ್ಟಕವೊಂದುಂಟು. ಆದುದರಿಂದ ನೋಡುವುದಷ್ಟೇ ಅಲ್ಲ, ಲೆಕ್ಕವನ್ನೂ ಮಾಡಬಹುದು.

ಇಂತಹ ತಂತ್ರಾಂಶಗಳನ್ನು ಮಾರುವ ಕಂಪೆನಿಗಳಿವೆ. ಅವುಗಳ ಬೆಲೆ ಸಾಮಾನ್ಯ ಕಾಲೇಜಿಗೆ ಸುಲಭವಾದುದಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅವು ಒಳಗೆ ಹೇಗೆ ಲೆಕ್ಕ ಮಾಡುತ್ತವೆಂಬುದನ್ನು ಕೊಂಡವನೂ ತೆರೆದು ನೋಡುವಂತಿಲ್ಲ. ಮುಕ್ತ ತಂತ್ರಾಂಶದ ಬಗೆ ಬೇರೆ. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. ಇವುಗಳಲ್ಲಿ ಹಿರಿಯದಾದ ‘ಗ್ರಾಸ್’ ಹುಟ್ಟಿದುದು 1982ರಲ್ಲಿ, ಅಮೆರಿಕದ ಸೇನೆಯ ಕಟ್ಟಡ ಸಂಶೋಧನಾಲಯದಲ್ಲಿ. ಸೇನೆಯು ಅದನ್ನು ಕೈಬಿಟ್ಟ ಮೇಲೆ ವಿಶ್ವವಿದ್ಯಾನಿಲಯಗಳವರು ಎತ್ತಿಕೊಂಡು ಬೆಳೆಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಭೂಬಳಕೆಯ ಅಧ್ಯಯನಕ್ಕೆ ಇದನ್ನು ಬಳಸಿದ್ದಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ‘ಕ್ಯೂಜಿಐಎಸ್’ ಅನ್ನು 2002ರಲ್ಲಿ ಆರಂಭಿಸಿದವನು ಗ್ಯಾರಿ ಶರ್ಮನ್ ಎಂಬ ಒಬ್ಬನೇ ವ್ಯಕ್ತಿ. ಈಗ ಅದನ್ನು ಹಲವು ದೇಶಗಳ ಬಳಕೆದಾರರು ಸೇರಿ ನಡೆಸುತ್ತಾರೆ: ಕೆಲವರು ಮೂಲಬರಹ ಬರೆಯುವವರು, ಕೆಲವರು ಭಾಷಾಂತರಿಸುವವರು, ಮಿಕ್ಕ ಅನೇಕರು ತಪ್ಪು ಕಂಡಾಗ ವರದಿ ಮಾಡುವವರು. ಈ ಕೊನೆಯವರ ಸೇವೆಯನ್ನು ಹಗುರವಾಗಿ ಕಾಣಲಾಗದು. ಏಕೆಂಬುದು ಮುಂದೆ ತಿಳಿಯುತ್ತದೆ.

ಈ ತಂತ್ರಾಂಶವು ಒಂದು ಕೂಡುಕುಟುಂಬದಂತೆ. ಬೇರೆ ಬೇರೆ ರೂಪದ ಕಡತಗಳನ್ನು ಓದುವ ಕೆಲಸ ‘ಜಿಡಾಲ್’ ಎಂಬುದರದು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಗಣಿತ ‘ಪ್ರೋಜ್’ ಎಂಬುದರ ಪಾಲಿಗೆ. ಈ ಗಣಿತದ ಅಗತ್ಯ ನಮ್ಮ ದೇಶದವರಿಗೆ ವಿಶೇಷವಾಗಿ ಉಂಟು. ಲ್ಯಾಂಬ್ಟನ್ ಮತ್ತು ಆತನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಇವರ ಅಳತೆಗಳಿಂದ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ದೀರ್ಘವೃತ್ತಜವನ್ನು ನಿಗದಿಮಾಡಿದರು. ನಮ್ಮ ಹಳೆಯ ಭೂಪಟಗಳು ಅದರ ಮೇಲೆ ನಿಂತಿವೆ. ಕೃತಕ ಉಪಗ್ರಹಗಳಿಂದ ಸ್ಥಳ ತಿಳಿಯುವ ನಮ್ಮ ಕೈಫೋನು ಬೇರೊಂದು ದೀರ್ಘವೃತ್ತಜವನ್ನು ಅನುಸರಿಸುತ್ತದೆ. ಎರಡನ್ನೂ ಪರಿವರ್ತಿಸದೆ ಒಂದರ ಮೇಲೊಂದಿಟ್ಟರೆ ಒಂದೇ ಬಾವಿಯು ನೂರು ಮೀಟರಿನಷ್ಟು ಅಂತರದಲ್ಲಿ ಎರಡು ಕಡೆ ಕಾಣಿಸಿಕೊಳ್ಳಬಹುದು.

ಇನ್ನು ಮಂಗಳೂರಿನ ನೀರಿನ ವಿಚಾರಕ್ಕೆ ಬರೋಣ. ಮುರಕಲ್ಲಿನ ಗುಡ್ಡಗಳು, ನಡುವೆ ಇಕ್ಕಟ್ಟಾದ ಬೈಲುಗಳು, ಆಚೆ ನದಿ, ಕಡಲು: ಇದು ಈ ನಗರದ ರಚನೆ. ತುಳುನಾಡಿನ ಕೃಷಿಕರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಗನುಗುಣವಾಗಿಯೇ ವಿಂಗಡಿಸಿದ್ದರು. ಬೈಲುಗಳು ಮನೆಗಳಿಂದಲೂ ಅಂಗಡಿಗಳಿಂದಲೂ ತುಂಬಿದ ಮೇಲೆ ನೀರು ತನ್ನ ಹಳೆಯ ದಾರಿಯನ್ನೇನೂ ಮರೆಯಲಿಲ್ಲ. 29 ಮೇ 2018ರಂದು ಸುರಿದ ಮಳೆಗೆ ಕೊಟ್ಟಾರಚೌಕಿಯೇ ಮೊದಲಾದ ತಗ್ಗುಪ್ರದೇಶಗಳು ಜಲಾವೃತವಾದುದನ್ನು ಅನೇಕರು ಬಲ್ಲರು. ನೀರು ಎಲ್ಲಿ ನಿಲ್ಲುವುದೆಂದು ಮೊದಲೇ ಹೇಳಲು ಬರುವುದೆ?

ಬರುತ್ತದೆ, ಸ್ವಲ್ಪಮಟ್ಟಿಗೆ. ಫೆಬ್ರುವರಿ 2000ದಲ್ಲಿ ‘ಎಂಡೆವರ್’ ಎಂಬ ಅಂತರಿಕ್ಷನೌಕೆಯು ಹನ್ನೊಂದು ದಿನಗಳ ಯಾನದಲ್ಲಿ ರೇಡಾರ್ ಅಲೆಗಳಿಂದ ಭೂಮಿಯ ನೆಲಭಾಗದ ಶೇಕಡಾ 80ರಷ್ಟರ ಎತ್ತರವನ್ನು ಅಳೆಯಿತು. ಸುಮಾರು 30 ಮೀಟರ್ ಬದಿಯ ಚೌಕಗಳಾಗಿ ಆ ಅಂಕಿಗಳು ಈಗ ಎಲ್ಲರಿಗೂ ಉಚಿತ. ಇವನ್ನು ಕ್ಯೂಜಿಐಎಸ್‌ಗೆ ಕೊಟ್ಟರೆ ಅದು ಒಂದೊಂದು ಚೌಕದ ಸುತ್ತಲಿನ ಎಂಟು ಚೌಕಗಳನ್ನೂ ಪರೀಕ್ಷಿಸಿ, ಇಳಿಜಾರು ಅತ್ಯಂತ ಕಡಿದಾಗಿರುವ ಕಡೆಗೆ ನೀರನ್ನು ಕಳುಹಿಸುತ್ತದೆ. ಈ ಕ್ರಮವನ್ನು 1984ರಲ್ಲಿ ಓಕ್ಯಾಲಗನ್ ಮತ್ತು ಮಾರ್ಕ್ ಎಂಬವರು ಪ್ರಕಟಿಸಿದರು. ಉದಾಹರಣೆಗೆ, ಒಂದು ಚೌಕದ ವಿಸ್ತೀರ್ಣ 900 ಚದರ ಮೀಟರ್. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 90,000 ಲೀಟರು ನೀರಾಯಿತು. ಒಂದು ತಗ್ಗಿಗೆ ಮೇಲಿನ ಸಾವಿರ ಚೌಕಗಳ ನೀರು ಹರಿದುಬರುವುದಾದರೆ, ನೆಲವು ಏನೂ ಹೀರಲಿಲ್ಲವೆಂದಿಟ್ಟುಕೊಂಡಲ್ಲಿ, 9 ಕೋಟಿ ಲೀಟರು! ಒಂದು ಚದರ ಕಿಲೋಮೀಟರಿಗೂ ಕಡಿಮೆಯಾದ ಜಾಗದ ನೀರು ಇದು. ಸಿಮೆಂಟು ಹಾಸಿದ ಅಂಗಳಗಳು ಹೆಚ್ಚಿದಷ್ಟೂ ‘ಹೀರಲಿಲ್ಲ’ ಎಂಬ ಊಹೆ ನಿಜಕ್ಕೆ ಹತ್ತಿರವಾಗುತ್ತದೆ.

ಆದರೆ ಗಣಕಯಂತ್ರದ ಉತ್ತರವನ್ನು ಹಿಡಿದುಕೊಂಡು ಸ್ಥಳಕ್ಕೆ ಹೋದವನಿಗೆ ಆಶ್ಚರ್ಯ ಕಾದಿರುತ್ತದೆ. ನೌಕೆಯ ರೇಡಾರ್ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಇಂತಹ ಅಲೆಯು ದಟ್ಟವಾದ ಎಲೆಗಳನ್ನು ಪೂರ್ತಿಯಾಗಿ ತೂರಿ ನೆಲವನ್ನು ಮುಟ್ಟಲಾರದು. ಆದಕಾರಣ ತೆಂಗಿನ ತೋಟವು ಒಂದು ದಿಬ್ಬದಂತೆ ಅಳತೆಗೆ ಬರುತ್ತದೆ. ಕಟ್ಟಡದ ಮಾಳಿಗೆಯೂ ಹಾಗೆಯೇ. ಸಮುದ್ರಮಟ್ಟದಿಂದ ಕೆಲವೇ ಮೀಟರು ಎತ್ತರದಲ್ಲಿರುವ ಬಯಲಿನಲ್ಲಿ ಈ ತಪ್ಪು ಸಣ್ಣದಲ್ಲ. ಇನ್ನೂ ಚೋದ್ಯವಾದುದು ರಸ್ತೆಯ ಅಥವಾ ರೈಲುಹಾದಿಯ ಏರಿ. ಮೇಲಿನಿಂದ ನೋಡುವ ಯಂತ್ರಕ್ಕೆ ಏರಿಯೆಂದರೆ ಅಣೆಕಟ್ಟು. ಅದರಡಿಯಲ್ಲಿ ತೋಡು ಹರಿಯಲು ಮೋರಿಯೊಂದಿದೆಯೆಂದು ಅದಕ್ಕೆ ಹೇಗೆ ತಿಳಿಯಬೇಕು? ಅದು ಅಲ್ಲಿ ಇಲ್ಲದ ಕೆರೆಯನ್ನು ಸೃಷ್ಟಿಸುತ್ತದೆ. ಇದಕ್ಕೆ ಪ್ರತಿಯಾಗಿ, ಮೋರಿಯಿದೆಯೆಂದು ನಕಾಶೆಯಲ್ಲಿದ್ದು ಅದು ಹೂಳಿನಿಂದ ಕಟ್ಟಿಹೋಗಿದ್ದರೆ, ನಿಜವಾದ ಕೆರೆಯನ್ನೇ ಅದು ಕಾಣದೆ ಹೋಗುತ್ತದೆ.

ಮೋರಿ ಎಲ್ಲಿದೆ, ಎಷ್ಟು ಅಗಲ, ಕಳೆದ ಮಳೆಗಾಲದಲ್ಲಿ ನೀರು ಎಷ್ಟರವರೆಗೆ ಬಂದಿತ್ತು? ಇವನ್ನು ಬಲ್ಲವರು ಆ ಬೀದಿಯ ಅಂಗಡಿಯವರು, ಶಾಲೆಗೆ ನಡೆದುಹೋಗುವ ಮಕ್ಕಳು, ತೋಡಿನ ಪಕ್ಕದ ಮನೆಯ ಅಜ್ಜಿ. ಇವರ ತಿಳಿವಳಿಕೆಯನ್ನು ನಕಾಶೆಗೆ ಏರಿಸಲೆಂದೇ ಇರುವುದು ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಸಾರ್ವಜನಿಕ ಭೂಪಟ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತನು ಪ್ರಾರಂಭಿಸಿದ ಇದರಲ್ಲಿ ಯಾರು ಬೇಕಾದರೂ ತಮ್ಮ ಊರನ್ನು ಬರೆಯಬಹುದು, ಪರರ ತಪ್ಪನ್ನು ತಿದ್ದಬಹುದು. 2010ರಲ್ಲಿ ಹೈಟಿ ದೇಶದ ಭೂಕಂಪದ ಬಳಿಕ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ರಾಜಧಾನಿಯ ಬೀದಿಗಳನ್ನು ಕೆಲವೇ ದಿನಗಳಲ್ಲಿ ಇದರಲ್ಲಿ ಬರೆದುಕೊಟ್ಟರು. ಪರಿಹಾರಕಾರ್ಯಕ್ಕೆ ಹೋದವರು ಅದನ್ನು ಬಳಸಿದರು. ಒಂದೇ ಸ್ಥಳಕ್ಕೆ ಹಲವು ಭಾಷೆಗಳ ಹೆಸರುಗಳನ್ನು ಸೇರಿಸುವ ಏರ್ಪಾಡೂ ಇದರಲ್ಲುಂಟು. ಮಂಗಳೂರು, ಕುಡ್ಲ, ಕೊಡಿಯಾಲ ಎಂದು ಮನೆಗೊಂದು ಹೆಸರಿಟ್ಟುಕೊಂಡ ನಮ್ಮ ಊರಿಗೆ ಇದು ಹೇಳಿಮಾಡಿಸಿದಂತಿದೆ.

ಎಲ್ಲರೂ ಬರೆದರೆ ತಪ್ಪು ನುಸುಳದೆ ಎಂದು ವಾಚಕರು ಕೇಳಬಹುದು. ನುಸುಳುತ್ತದೆ. ಆದರೆ ಯಾವ ತಿದ್ದುಪಡಿ ಯಾವಾಗ ಆಯಿತೆಂಬ ಇತಿಹಾಸವೆಲ್ಲ ಉಳಿಯುವುದರಿಂದ ಅದನ್ನು ಹಿಂದಕ್ಕೆ ತಿರುಗಿಸುವುದು ಕಷ್ಟವಲ್ಲ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಚಿಂತಿಸಬೇಕಾದುದು ತಪ್ಪಿಗಲ್ಲ, ಖಾಲಿ ಜಾಗಕ್ಕೆ. ದೊಡ್ಡ ರಸ್ತೆ ಹೋಟೆಲುಗಳನ್ನು ಗುರುತಿಸಲು ಜನರಿದ್ದಾರೆ. ಮೋರಿಯನ್ನು ಗುರುತಿಸುವವರು ವಿರಳ.

ಭೂಪಟ ತಯಾರಿಕೆಯ ಮೇಲೆ ನಮ್ಮ ದೇಶದಲ್ಲಿ ಬಹುಕಾಲ ಬಿಗಿಯಾದ ನಿರ್ಬಂಧಗಳಿದ್ದುವು. ಫೆಬ್ರುವರಿ 2021ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಮಾರ್ಗಸೂಚಿಯು ಅವುಗಳಲ್ಲಿ ಹೆಚ್ಚಿನವನ್ನು ಭಾರತೀಯರ ಮಟ್ಟಿಗೆ ಸಡಿಲಿಸಿತು. ರಕ್ಷಣೆಗೆ ಸಂಬಂಧಿಸಿದ ಸೂಕ್ಷ್ಮ ವಿವರಗಳಿಗೆ ಮಾತ್ರ ತಡೆ ಉಳಿದಿದೆ.

ಆಸಕ್ತ ವಿದ್ಯಾರ್ಥಿಯು ಹೀಗೆ ತೊಡಗಬಹುದು. ಕಾಲೇಜಿನ ಗಣಕಯಂತ್ರದಲ್ಲಿ ಕ್ಯೂಜಿಐಎಸ್ ಅನ್ನು ಸ್ಥಾಪಿಸಿ, ತನ್ನ ವಾರ್ಡಿನ ಎತ್ತರದ ಅಂಕಿಗಳನ್ನು ತುಂಬಿ, ನೀರಿನ ದಾರಿಗಳನ್ನು ಎಳೆಸಬೇಕು. ಆ ದಾರಿಗಳು ರಸ್ತೆಯನ್ನು ದಾಟುವಲ್ಲೆಲ್ಲ ಗುರುತು ಹಾಕಿಕೊಂಡು, ಹಾಳೆಯನ್ನು ಮಡಿಚಿ ಕಿಸೆಯಲ್ಲಿಟ್ಟು, ನಡೆದುಕೊಂಡೇ ಹೋಗಿ ನೋಡಬೇಕು. ಮೋರಿ ಇದ್ದರೆ ಅದರ ಅಗಲ ಎತ್ತರಗಳನ್ನು ಅಳತೆಪಟ್ಟಿಯಿಂದ ಅಳೆದು ಸಾರ್ವಜನಿಕ ಭೂಪಟದಲ್ಲಿ ಸೇರಿಸಬೇಕು. ಏಪ್ರಿಲ್ ತಿಂಗಳು ಇದಕ್ಕೆ ಪ್ರಶಸ್ತ. ಆಗ ತೋಡುಗಳು ಬಹುಮಟ್ಟಿಗೆ ಬತ್ತಿರುತ್ತವೆ, ಮೋರಿಯ ಬಾಯಿ ಹೊರಗೆ ಕಾಣುತ್ತಿರುತ್ತದೆ, ಹೂಳು ಎಷ್ಟಿದೆಯೆಂಬುದೂ ತಿಳಿಯುತ್ತದೆ. ಮಳೆ ಹಿಡಿಯಲು ಇನ್ನೂ ಒಂದು ತಿಂಗಳಿಗೆ ಮೇಲ್ಪಟ್ಟು ಅವಧಿಯೂ ಇರುತ್ತದೆ.