ಮಗುವಿನ ಕಣ್ಣಿನಲ್ಲಿ ಬಿಳಿ ಹೊಳಪು

ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ನಾಲ್ಕಾರು ದಿನಗಳಲ್ಲಿ ಗಾಯ ಕೂಡಿಕೊಳ್ಳುತ್ತದೆ. ಕೂಡಿಕೊಂಡ ಮೇಲೆ ಚರ್ಮ ಅಲ್ಲಿಗೇ ನಿಲ್ಲುತ್ತದೆ. ಗಾಯ ಮಾಯಿತೆಂದು ನಾವು ಸಂತೋಷಪಡುತ್ತೇವೆಯೇ ಹೊರತು, ಬೆಳವಣಿಗೆ ಹೇಗೆ ನಿಂತಿತೆಂದು ವಿಚಾರಿಸುವುದಿಲ್ಲ. ಜೀವಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವುದು ಎಷ್ಟು ಅವಶ್ಯವೋ, ಸಾಕಾದಾಗ ನಿಲ್ಲುವುದೂ ಅಷ್ಟೇ ಅವಶ್ಯ. ಹೀಗೆ 'ಸಾಕು' ಎನ್ನುವ ಅಧಿಕಾರವುಳ್ಳ ವಸ್ತುಗಳಲ್ಲಿ ಮುಖ್ಯವಾದುದು ಆರ್‌ಬಿ ಎಂಬ ಒಂದು ಸಸಾರಜನಕ.

ಸಸಾರಜನಕವೆಂದರೆ ಬೇಳೆಯಲ್ಲಿ, ಹಾಲಿನಲ್ಲಿ ಇರುವ ವಸ್ತುವೆಂದು ಎಲ್ಲರೂ ಬಲ್ಲರು. ಆದರೆ ನಮ್ಮ ಮೈಯ ಪ್ರತಿಯೊಂದು ಜೀವಕಣವೂ ತನಗೆ ಬೇಕಾದ ಸಾವಿರಾರು ಬಗೆಯ ಸಸಾರಜನಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆರ್‌ಬಿ ೯೨೮ ಅಮೈನೋ ಆಮ್ಲಗಳ ಒಂದು ಸರಪಣಿ. ಅದನ್ನು ತಯಾರಿಸುವ ವಿಧಾನ ೧೩ನೆಯ ವರ್ಣತಂತುವಿನ ಒಂದು ಜೀನಿನಲ್ಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಆ ಜೀನಿನ ಎರಡು ಪ್ರತಿಗಳು ನಮಗೆ ಬಂದಿರುತ್ತವೆ.

ಜೀವಕಣ ಒಡೆದು ಎರಡಾಗುವ ಮೊದಲು ತನ್ನ ವರ್ಣತಂತುಗಳನ್ನೆಲ್ಲ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಜೀನುಗಳನ್ನು ಎಚ್ಚರಿಸುವುದು ಇ-ಟು-ಎಫ್ ಎಂಬ ಇನ್ನೊಂದು ಸಸಾರಜನಕ. ಆರ್‌ಬಿ ಅದನ್ನು ಬಿಗಿಯಾಗಿ ಹಿಡಿದು ಕೂರಿಸಿರುತ್ತದೆ. ಬೆಳೆಯಬೇಕೆಂಬ ಸೂಚನೆ ಬಂದಾಗ ಕೆಲವು ಕಿಣ್ವಗಳು ಆರ್‌ಬಿಗೆ ಫಾಸ್ಫೇಟನ್ನು ಅಂಟಿಸುತ್ತವೆ, ಹಿಡಿತ ಸಡಿಲುತ್ತದೆ. ಕಣ ಎರಡಾದ ಬಳಿಕ ಫಾಸ್ಫೇಟು ಕಳಚಿ, ಹಿಡಿತ ಮತ್ತೆ ಬಿಗಿಯಾಗುತ್ತದೆ. ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೇಳಿದಾಗ ತೆಗೆದು, ಕೆಲಸವಾದೊಡನೆ ಬೀಗ ಹಾಕುವ ಹಿರಿಯಾಕೆಯಂತೆ ಇದರ ನಡವಳಿಕೆ.

ಈ ಬೀಗದ ಕೈ ಕಳೆದುಹೋದರೆ? ಆರ್‌ಬಿ ಎಂಬ ಹೆಸರೇ ಅದಕ್ಕೆ ಉತ್ತರ. ರೆಟಿನೋಬ್ಲಾಸ್ಟೋಮ ಎಂಬ ರೋಗದ ಹೆಸರಿನಿಂದ ಅದು ಬಂದಿದೆ. ಎಳೆಯ ಮಕ್ಕಳಿಗೆ, ಬಹುಮಟ್ಟಿಗೆ ಐದು ವರ್ಷ ತುಂಬುವುದರೊಳಗೆ, ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರ್ ಅದು. ಕೆಲವು ಮಕ್ಕಳಿಗೆ ಎರಡೂ ಕಣ್ಣುಗಳಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಒಂದೇ ಕಣ್ಣಿನಲ್ಲಿ, ತುಸು ತಡವಾಗಿ. ಹೀಗೇಕೆ? ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್‌ಸನ್ ೪೮ ಮಕ್ಕಳ ವಿವರಗಳನ್ನು ಲೆಕ್ಕಹಾಕಿ ೧೯೭೧ರಲ್ಲಿ ಉತ್ತರ ಕೊಟ್ಟರು. ರೋಗ ಹುಟ್ಟಲು ಎರಡು ಪೆಟ್ಟು ಬೀಳಬೇಕು; ಮೊದಲಿನ ಬಗೆಯ ಮಕ್ಕಳಿಗೆ ಒಂದು ಪೆಟ್ಟು ಹುಟ್ಟುವಾಗಲೇ ಬಿದ್ದಿರುತ್ತದೆ. ೧೯೮೬ರಲ್ಲಿ ಜೀನು ಕೈಗೆ ಸಿಕ್ಕಿದಾಗ ಅವರ ಊಹೆ ನಿಜವಾಯಿತು. ಜೀನಿನ ಎರಡೂ ಪ್ರತಿಗಳು ಕೆಟ್ಟಾಗಲೇ ಕಾವಲು ತಪ್ಪುತ್ತದೆ.

ತಾಯಂದಿರು ನೆನಪಿಡಬೇಕಾದ ಗುರುತು ಒಂದುಂಟು. ಫ್ಲಾಷ್ ಹಾಕಿ ತೆಗೆದ ಪಟದಲ್ಲಿ ಕಣ್ಣಿನ ಪಾಪೆ ಸಾಮಾನ್ಯವಾಗಿ ಕೆಂಪಗೆ ಕಾಣುತ್ತದೆ. ಒಂದು ಪಾಪೆ ಬೆಳ್ಳಗೆ, ಇರುಳಿನಲ್ಲಿ ಬೆಕ್ಕಿನ ಕಣ್ಣಿನಂತೆ ಹೊಳೆದರೆ ಎಚ್ಚರ ಬೇಕು. ಹೊಸದಾಗಿ ಕಾಣಿಸಿದ ಮೆಳ್ಳೆಗಣ್ಣೂ ಒಂದು ಗುರುತು. ಮೆಳ್ಳೆಗಣ್ಣು ಅದೃಷ್ಟವೆಂದು ಹಿರಿಯರು ಹೇಳುವುದುಂಟು; ಅದನ್ನು ನಂಬಿ ಸುಮ್ಮನಿರಬಾರದು. ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಮಗುವಿನ ಪಟಗಳು ದಿನವೂ ಫೋನಿನಲ್ಲಿ ಅಜ್ಜಿ ತಾತಂದಿರಿಗೆ ಹೋಗುತ್ತವೆ. ಅಲ್ಲಿಂದ ಯಾರಾದರೂ 'ಕಣ್ಣೇಕೆ ಹೀಗೆ ಹೊಳೆಯುತ್ತಿದೆ?' ಎಂದು ಕೇಳಿದರೆ, ಆ ಮಾತನ್ನು ತಳ್ಳಿಹಾಕಬೇಡಿ. ಬಿಳಿ ಹೊಳಪೆಲ್ಲ ಕ್ಯಾನ್ಸರ್ ಅಲ್ಲ. ಪೊರೆಯಿಂದಲೂ, ಬೆಳಕು ಬಿದ್ದ ಓರೆಯಿಂದಲೂ ಹಾಗೆ ಕಾಣಬಹುದು. ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಈ ಊರಿನಲ್ಲಿ ಅದಕ್ಕೆ ಅನುಕೂಲ ಸಾಕಷ್ಟಿದೆ. ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ ೧೮೧೯ರಷ್ಟು ಹಳೆಯದು. ನುಂಗಂಬಾಕ್ಕಂನ ಶಂಕರ ನೇತ್ರಾಲಯವನ್ನು ಡಾಕ್ಟರ್ ಎಸ್. ಎಸ್. ಬದರಿನಾಥರು ೧೯೭೮ರಲ್ಲಿ ಸ್ಥಾಪಿಸಿದರು. ಅಲ್ಲಿನ ಸಂಶೋಧಕರು ನಮ್ಮ ದೇಶದ ಮಕ್ಕಳಲ್ಲಿ ಆರ್‌ಬಿ ಜೀನಿನ ದೋಷಗಳನ್ನು ಅಭ್ಯಾಸಮಾಡಿದ್ದಾರೆ. ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ೧೯೫೪ರಲ್ಲಿ ಪ್ರಾರಂಭವಾಯಿತು.

ಗೆಡ್ಡೆ ಚಿಕ್ಕದಾಗಿದ್ದಾಗ ಲೇಸರ್ ಕಿರಣದಿಂದ ಸುಡುವುದು, ಶೈತ್ಯದಿಂದ ನಾಶಪಡಿಸುವುದು, ಔಷಧಿ ಕೊಟ್ಟು ಕುಗ್ಗಿಸುವುದು, ಇವು ಸಾಧ್ಯ. ಅನೇಕ ವೇಳೆ ಕಣ್ಣೂ ಉಳಿಯುತ್ತದೆ. ಕಣ್ಣು ತುಂಬಿಹೋಗಿದ್ದರೆ ಅದನ್ನು ತೆಗೆದು ಕೃತಕ ಕಣ್ಣನ್ನು ಇಡಬೇಕಾಗುತ್ತದೆ. ಈ ಮಾತು ಕೇಳಿದೊಡನೆ ಹೆತ್ತವರ ಎದೆ ಒಡೆಯುವುದು ಸಹಜವೇ. ಬೇರೆ ಊರಿಗೆ, ಬೇರೆ ಪದ್ಧತಿಯ ಚಿಕಿತ್ಸೆಗೆ ಎಂದು ತಿಂಗಳುಗಳನ್ನು ಕಳೆಯುವ ಮನಸ್ಸಾಗುತ್ತದೆ. ಆ ತಿಂಗಳುಗಳಲ್ಲಿ ರೋಗ ಕಣ್ಣಿನ ನರವನ್ನು ಹಿಡಿದು ಮಿದುಳಿಗೆ ನಡೆದುಬಿಡಬಹುದು. ಒಂದು ಕಣ್ಣಿನಿಂದ ಮಗು ಓದೀತು, ಆಡೀತು, ಸಂಸಾರ ಮಾಡೀತು. ರೋಗ ಕಣ್ಣಿನೊಳಗೇ ಇರುವಾಗ ಚಿಕಿತ್ಸೆಯಾದರೆ ಬಹುಪಾಲು ಮಕ್ಕಳ ಪ್ರಾಣ ಉಳಿಯುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಹೀಗಾದಾಗ ದೂರು ತಾಯಿಯ ಮೇಲೆ ಬೀಳುತ್ತದೆ. ಬಸುರಿಯಲ್ಲಿ ಏನು ತಿಂದಳೋ, ಗ್ರಹಣದಲ್ಲಿ ಹೊರಗೆ ಬಂದಳೋ ಎನ್ನುತ್ತಾರೆ. ಇವಾವುವೂ ಕಾರಣವಲ್ಲ. ಬಹಳಷ್ಟು ಮಕ್ಕಳಲ್ಲಿ ಈ ದೋಷ ಹೊಸದಾಗಿಯೇ ಹುಟ್ಟಿರುತ್ತದೆ. ಹಿಂದೆ ಮನೆತನದಲ್ಲಿ ಯಾರಿಗೂ ಇರುವುದಿಲ್ಲ. ಆದರೆ ಹುಟ್ಟಿನಿಂದಲೇ ದೋಷವನ್ನು ಹೊತ್ತವರು ದೊಡ್ಡವರಾಗಿ ಹೆತ್ತ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಆದುದರಿಂದ ರಕ್ತಪರೀಕ್ಷೆ ಮಾಡಿಸಿ ದೋಷ ಎಂತಹುದೆಂದು ತಿಳಿಯುವುದು ಒಳ್ಳೆಯದು. ರೋಗಿಯ ತಮ್ಮ ತಂಗಿಯರ ಕಣ್ಣುಗಳನ್ನು ಹುಟ್ಟಿದ ಮೊದಲ ವಾರಗಳಿಂದಲೇ ಪರೀಕ್ಷೆ ಮಾಡಿಸಬೇಕು. ಗುಣವಾದ ಮಕ್ಕಳಿಗೂ ಮುಂದೆ ಮೂಳೆ ಮೊದಲಾದೆಡೆ ಕ್ಯಾನ್ಸರ್ ಬರಬಹುದಾದ್ದರಿಂದ ವೈದ್ಯರ ಕಣ್ಗಾವಲು ತಪ್ಪಬಾರದು.

ಅನುಮಾನ ಬಂದವರು ಆ ಪಟವನ್ನು ಜೊತೆಯಲ್ಲಿ ಕೊಂಡೊಯ್ದು, ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗಣ್ಣನ್ನು ಪರೀಕ್ಷಿಸಬೇಕೆಂದು ಕೇಳಬೇಕು. ಎಳೆಯ ಮಗುವಾದರೆ ಮತ್ತು ಬರುವ ಔಷಧಿ ಕೊಟ್ಟು ನೋಡಬೇಕಾಗಬಹುದು, ಹೆದರಬೇಕಾಗಿಲ್ಲ. ಹಬ್ಬ ಕಳೆಯಲಿ, ರಜ ಬರಲಿ ಎಂದು ಕಾಯದೆ ಆ ವಾರವೇ ಹೋಗುವುದು ಮೇಲು.